ಮೊದಲ ಹದಿನೈದು ದಿನಗಳು

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮಿಷನ್ ಭಾನುವಾರದ ಸಿದ್ಧತೆ ಆರಂಭವಾಗುತ್ತದೆ. ಹನ್ನೊಂದನೆಯ ಪಿಯುಸ್ ಜಗದ್ಗುರುಗಳು 1926ರಲ್ಲಿ ಸ್ಥಾಪಿಸಿದ ಈ ದಿನದಂದು ವಿಶೇಷ ಕಾಣಿಕೆ ಸಂಗ್ರಹಿಸಲಾಗುತ್ತದೆ. ದೂರದ ನಾಡುಗಳಲ್ಲಿ ದುಡಿಯುವ ಗುರುಗಳಿಗಾಗಿ, ಧಾರ್ಮಿಕ ಸಹೋದರಿಯರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಅಂದಿನ ಪ್ರಬೋಧನೆ ಕೇಳಿ ಮನ ಕರಗಿದ ಯುವಕ ಯುವತಿಯರಲ್ಲಿ ಒಬ್ಬಿಬ್ಬರಾದರೂ, ‘ನಾವೂ ಆಫ್ರಿಕಾಕ್ಕೆ ಹೋಗಿ ಕೆಲವು ತಿಂಗಳು ಸೇವೆ ಸಲ್ಲಿಸಿ ಬರಬಹುದೇ?’ ಎಂದು ವಿಚಾರಿಸುವುದುಂಟು.

ಅವಶ್ಯವಾಗಿ ಹೋಗಬಹುದು. ನಮ್ಮ ದೇಶದಿಂದ ಹೋದವರು ಈಗಾಗಲೇ ಅನೇಕರಿದ್ದಾರೆ. ಮದರ್ ತೆರೇಸಾರವರ ಸಹೋದರಿಯರು 1968ರಲ್ಲಿಯೇ ತಾಂಜಾನಿಯಾದ ತಬೋರಾ ಪಟ್ಟಣದಲ್ಲಿ ತಮ್ಮ ಮನೆಯನ್ನು ತೆರೆದರು. ಭಾರತದ ಸಲೇಸಿಯನ್ ಗುರುಗಳು 1980ರಲ್ಲಿ ಪೂರ್ವ ಆಫ್ರಿಕಾಕ್ಕೆ ತೆರಳಿದರು. ಆದರೆ ಅವರು ಬಾಳನ್ನೇ ಅಲ್ಲಿಗೆ ಮುಡಿಪಿಟ್ಟು ಹೋದವರು. ಮೂರು ತಿಂಗಳಿಗೋ ಆರು ತಿಂಗಳಿಗೋ ಸ್ವಯಂಸೇವಕರಾಗಿ ಹೋಗುವವರ ಮಾತು ಬೇರೆ. ಅಂಥವರ ಸೇವೆ ಆತಿಥೇಯರಿಗೆ ಉಪಕಾರವಾಗುವುದೋ ಹೊರೆಯಾಗುವುದೋ ಎಂಬುದು ಬಹುಮಟ್ಟಿಗೆ ಮೊದಲ ಹದಿನೈದು ದಿನಗಳಲ್ಲಿಯೇ ನಿರ್ಧಾರವಾಗಿಬಿಡುತ್ತದೆಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಈ ವಾರ ಆ ಹದಿನೈದು ದಿನಗಳನ್ನು ಕುರಿತೇ ಬರೆಯುತ್ತಿದ್ದೇವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ನಮ್ಮ ಓದುಗರಿಗೆ ಪರಸ್ಥಳದ ಮೊದಲ ದಿನಗಳೆಂದರೇನೆಂದು ವಿವರಿಸಿ ಹೇಳಬೇಕಾಗಿಲ್ಲ. ಮುಂಗಾರು ಕೈಕೊಟ್ಟ ವರ್ಷ ನಮ್ಮ ಹಳ್ಳಿ, ತಾಂಡಾಗಳಿಂದ ಸಂಸಾರ ಸಂಸಾರಗಳೇ ಗುಳೆ ಹೊರಡುತ್ತವೆ. ಮಲೆನಾಡಿನ ಕಾಫಿ ತೋಟಗಳಿಗೆ ಕೆಲವರು, ಕಬ್ಬಿನ ಸೀಮೆಗೆ ಕೆಲವರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಉಳಿದವರು. ಗುಳೆ ಹೋದವರು ಮೊದಲ ವಾರ ಹೆಚ್ಚು ಮಾತನಾಡುವುದಿಲ್ಲ. ನೀರು ಎಲ್ಲಿ ಸಿಗುತ್ತದೆ, ಅಂಗಡಿಯವನು ಉದ್ರಿ ಕೊಡುತ್ತಾನೆಯೇ, ಮೇಸ್ತ್ರಿಯ ಸ್ವಭಾವವೇನು, ಪಕ್ಕದ ಗುಡಿಸಲಿನವರು ಯಾವ ಸೀಮೆಯವರು ಎಂಬುದನ್ನೆಲ್ಲ ಸುಮ್ಮನೆ ನೋಡಿಕೊಳ್ಳುತ್ತಾರೆ. ಓದುಬರಹ ಬಾರದ ತಾಯಂದಿರೂ ಕರಗತ ಮಾಡಿಕೊಂಡಿರುವ ಈ ವಿದ್ಯೆಯನ್ನು ಪದವೀಧರರಾದ ಅವರ ಮಕ್ಕಳು ವಿಮಾನ ಏರುವಾಗ ಊರಿನಲ್ಲಿಯೇ ಬಿಟ್ಟು ಹೋಗದಿದ್ದರೆ ಸಾಕು.

ಆಫ್ರಿಕಾಕ್ಕೂ ಬಳ್ಳಾರಿ ಸೀಮೆಗೂ ಎಲ್ಲಿಯ ನಂಟು ಎಂದು ಕೆಲವರು ಕೇಳಬಹುದು. ಕೆನ್ಯಾ ದೇಶದ ಎರಡನೆಯ ಉಪರಾಷ್ಟ್ರಪತಿಯಾಗಿದ್ದ ಜೋಸೆಫ್ ಮುರುಂಬಿಯವರ ಕಥೆ ಅಂಥವರಿಗೆ ಆಶ್ಚರ್ಯವನ್ನುಂಟುಮಾಡೀತು. ಗೋವಾ ಮೂಲದ ವರ್ತಕ ತಂದೆಗೂ ಮಾಸಾಯಿ ಬುಡಕಟ್ಟಿನ ತಾಯಿಗೂ 1911ರಲ್ಲಿ ಜನಿಸಿದ ಅವರನ್ನು ಎಳೆಯ ವಯಸ್ಸಿನಲ್ಲಿಯೇ ವಿದ್ಯಾಭ್ಯಾಸಕ್ಕಾಗಿ ಭಾರತಕ್ಕೆ ಕಳುಹಿಸಲಾಯಿತು. ಮೊದಲು ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟಿನಲ್ಲಿ, ಅನಂತರ ಬಳ್ಳಾರಿಯ ಸೇಂಟ್ ಪ್ಯಾಂಕ್ರಾಸ್ ಶಾಲೆಯಲ್ಲಿ ಅವರು ಓದಿದರು. ಯೌವನದಲ್ಲಿ ಸ್ವದೇಶಕ್ಕೆ ಮರಳಿ, ತಾಯಿಯ ಮನೆತನದ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು, ಸ್ವಾತಂತ್ರ್ಯ ಚಳವಳಿಯಲ್ಲಿ ದುಡಿದು, 1964ರಲ್ಲಿ ವಿದೇಶಾಂಗ ಮಂತ್ರಿಗಳೂ 1966ರಲ್ಲಿ ಉಪರಾಷ್ಟ್ರಪತಿಗಳೂ ಆದರು. ಮಾಸಾಯಿ ತಾಯಿಯ ಮಗ ಬಳ್ಳಾರಿಯ ಬಿಸಿಲಿನಲ್ಲಿ ಹೊಸ ಮಾತು, ಹೊಸ ಊಟ, ಹೊಸ ಜನರನ್ನು ಎದುರಿಸಿ ಬೆಳೆದದ್ದುಂಟು. ಈಗ ನಮ್ಮವರು ಅದೇ ದಾರಿಯಲ್ಲಿ ತಿರುಗಿ ನಡೆಯಲಿದ್ದಾರೆ.

ನಂಟು ಇನ್ನೂ ಹಳೆಯದು. ನಾವು ದಿನವೂ ತಟ್ಟುವ ರೊಟ್ಟಿಯ ಜೋಳ ಮೊದಲು ಬೇಸಾಯಕ್ಕೆ ಬಂದದ್ದು ಸುಡಾನಿನ ಸೀಮೆಯಲ್ಲಿ. ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನದು, ಸಜ್ಜೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನದು. ಸಾವಿರಾರು ವರ್ಷಗಳ ಹಿಂದೆ ಅವು ಕಡಲು ದಾಟಿ ಬಂದು ನಮ್ಮವೇ ಆಗಿಬಿಟ್ಟಿವೆ. ಹಡಗಲಿಯವರು ತುಂಗಭದ್ರೆಯನ್ನು ದಾಟಿ ಸವಣೂರಿಗೆ ಹೋದರೆ ಅಲ್ಲಿಯ ಮಠದ ಆವರಣದಲ್ಲಿ ‘ದೊಡ್ಡ ಹುಣಸೆ’ ಎಂದು ಕರೆಯುವ ಮೂರು ಬೃಹತ್ ಮರಗಳನ್ನು ಕಾಣಬಹುದು. ಅವು ಹುಣಸೆಯಲ್ಲ, ಆಫ್ರಿಕಾದ ಬಾವೊಬಾಬ್ ಮರಗಳು.

ಇನ್ನು ಪ್ರಯಾಣದ ವಿಷಯ. ಕೆನ್ಯಾ, ಉಗಾಂಡಾ ಮುಂತಾದ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚಿತವಾಗಿ ಹಾಕಿಸಿಕೊಳ್ಳಬೇಕು; ಹತ್ತು ದಿನ ಕಳೆಯದೆ ಪ್ರಮಾಣಪತ್ರಕ್ಕೆ ಮಾನ್ಯತೆಯಿಲ್ಲ. 2016ರ ಜುಲೈ ತಿಂಗಳಿಂದ ಒಮ್ಮೆ ಪಡೆದ ಪ್ರಮಾಣಪತ್ರ ಜೀವಮಾನಕ್ಕೆ ಸಾಲುತ್ತದೆ. ಅದಿಲ್ಲದೆ ಮರಳಿ ಬಂದವರನ್ನು ನಮ್ಮ ಸರ್ಕಾರವೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳುತ್ತದೆ. ಆಫ್ರಿಕಾವೆಂದರೆ ಉರಿಬಿಸಿಲು ಎಂದು ಭಾವಿಸಿ ತೆಳುಬಟ್ಟೆ ಕಟ್ಟಿಕೊಂಡು ಹೋದವರು ಜುಲೈ ತಿಂಗಳ ನೈರೋಬಿಯಲ್ಲಿ ನಡುಗುತ್ತಾರೆ. ಆ ನಗರ ನಮ್ಮ ಬೆಂಗಳೂರಿಗಿಂತ ಬಹಳ ಎತ್ತರದಲ್ಲಿದೆ. ಸೊಳ್ಳೆಪರದೆಯನ್ನು ಮಾತ್ರ ಮೊದಲ ರಾತ್ರಿಯಿಂದಲೇ ಬಿಡದೆ ಕಟ್ಟಬೇಕು. ಸೊಳ್ಳೆ ಕಚ್ಚಿದ ಹತ್ತು-ಹದಿನೈದು ದಿನಗಳಲ್ಲಿ ಮಲೇರಿಯಾ ತಲೆಯೆತ್ತುತ್ತದೆ. ‘ಪ್ರಯಾಣದ ಆಯಾಸ’ ಎಂದು ಆ ಜ್ವರವನ್ನು ಅಲಕ್ಷಿಸಿದರೆ ಶುಶ್ರೂಷೆ ಮಾಡಲು ಹೋದವರು ಶುಶ್ರೂಷೆ ಪಡೆಯುವವರಾಗುತ್ತಾರೆ.

ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯನ್ನಾಡುವ ಊರುಗಳಿಗೆ ಹೋದವರನ್ನು ಮೊದಲು ಗಲಿಬಿಲಿಗೊಳಿಸುವುದು ಗಡಿಯಾರ. ಸಮಭಾಜಕ ವೃತ್ತದ ಸಮೀಪದಲ್ಲಿ ವರ್ಷವಿಡೀ ಸೂರ್ಯನು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಉದಯಿಸುವುದರಿಂದ ಅಲ್ಲಿಯ ಜನ ಗಂಟೆಗಳನ್ನು ಮುಂಜಾವಿನಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಒಂಬತ್ತು ಅವರಿಗೆ ಮೂರು. ‘ನಾಳೆ ಒಂದು ಗಂಟೆಗೆ ಬಲಿಪೂಜೆ’ ಎಂದು ಹೇಳಿಸಿಕೊಂಡ ಹೊಸಬ ಮಧ್ಯಾಹ್ನ ಊಟ ಮುಗಿಸಿ ದೇವಾಲಯಕ್ಕೆ ಹೋದರೆ ಬಾಗಿಲು ಮುಚ್ಚಿರುತ್ತದೆ. ಹೊತ್ತು ಹುಟ್ಟಿದಾಗಿನಿಂದ ಗಳಿಗೆ, ಜಾವಗಳನ್ನು ಎಣಿಸುತ್ತಿದ್ದ ನಮ್ಮ ಹಿರಿಯರಿಗಾಗಿದ್ದರೆ ಈ ಲೆಕ್ಕ ಸಹಜವಾಗಿಯೇ ತೋರುತ್ತಿತ್ತು.

ಗಡಿಯಾರಕ್ಕಿಂತ ಮುಖ್ಯವಾದದ್ದು ಅಭಿವಾದನ. ದಾರಿಯಲ್ಲಿ ಎದುರಾದವರನ್ನು ನೇರವಾಗಿ ‘ಆಸ್ಪತ್ರೆ ಎಲ್ಲಿ?’ ಎಂದು ಕೇಳುವುದು ಅಲ್ಲಿ ಒರಟುತನ. ಮೊದಲು ಕುಶಲ ವಿಚಾರಿಸಬೇಕು. ಮನೆಯವರ ಕ್ಷೇಮ, ಕೆಲಸದ ಸುದ್ದಿ, ನಿದ್ರೆ ಹೇಗಿತ್ತೆಂಬುದು, ಇಷ್ಟಾದ ಮೇಲೆ ಆಸ್ಪತ್ರೆ. ತಾಂಜಾನಿಯಾದಲ್ಲಿ ಹಿರಿಯರನ್ನು ಕಂಡೊಡನೆ ಕಿರಿಯರು ‘ಶಿಕಾಮೋ’ ಎನ್ನಬೇಕು. ‘ನಿಮ್ಮ ಪಾದ ಹಿಡಿಯುತ್ತೇನೆ’ ಎಂಬುದು ಅದರ ಮೂಲಾರ್ಥವೆಂದು ಹೇಳುತ್ತಾರೆ. ಹಿರಿಯರು ‘ಮರಹಬಾ’ ಎಂದು ಅದನ್ನು ಸ್ವೀಕರಿಸುತ್ತಾರೆ. ತಾಯಂದಿರನ್ನು ಹೆಸರಿಡಿದು ಕರೆಯದೆ ಚೊಚ್ಚಲ ಮಗುವಿನ ಹೆಸರಿನೊಡನೆ ‘ಮಾಮಾ’ ಸೇರಿಸಿ, ಇಂಥವನ ತಾಯಿ ಎನ್ನುವಂತೆ ಕರೆಯುತ್ತಾರೆ. ಹಿರಿಯರ ಕಾಲಿಗೆರಗಿ ಬೆಳೆದ, ‘ಬಸವನ ಅವ್ವ’ ಎಂದು ನೆರೆಯಾಕೆಯನ್ನು ಕರೆದು ರೂಢಿಯಿರುವ ನಮ್ಮವರಿಗೆ ಇದೇನು ಕಷ್ಟ? ಐರೋಪ್ಯ ಸ್ವಯಂಸೇವಕರು ಪುಸ್ತಕ ಓದಿ ಕಲಿಯಬೇಕಾದದ್ದು ನಮಗೆ ಮನೆಯಲ್ಲಿಯೇ ದೊರೆತಿದೆ. ‘ಪೋಲೆ’ ಎಂಬ ಇನ್ನೊಂದು ಮಾತಿದೆ. ಎಡವಿದವರಿಗೆ, ದಣಿದವರಿಗೆ, ಭಾರ ಹೊತ್ತವರಿಗೆ, ಮನೆಯಲ್ಲಿ ಸಾವಾದವರಿಗೆ ಎಲ್ಲರಿಗೂ ಅದೇ ಮಾತು. ತಪ್ಪು ನಮ್ಮದಲ್ಲದಿದ್ದರೂ ನಿನ್ನ ನೋವು ನನಗೂ ತಾಗಿತು ಎಂಬ ಭಾವ ಅದರಲ್ಲಿದೆ. ಮೊದಲ ವಾರದಲ್ಲಿ ಹತ್ತು ಮಾತು ಕಲಿಯುವುದಾದರೆ ಇದೂ ಅವುಗಳಲ್ಲಿರಲಿ.

ಉಳಿದ ಮಾತುಗಳಲ್ಲಿ ಕೆಲವು ನಮ್ಮವೇ. ಅಂಗಡಿಗೆ ‘ದುಕಾ’, ವಾಹನಕ್ಕೆ ‘ಗಾರಿ’, ದುಡ್ಡಿಗೆ ‘ಪೇಸಾ’, ಲಕ್ಷಕ್ಕೆ ‘ಲಾಕಿ’, ವಿಮೆಗೆ ‘ಬೀಮಾ’. ಚಹಾ, ಚಪಾತಿಗಳಿಗೆ ‘ಚಾಯ್’, ‘ಚಪಾತಿ’ ಎಂದೇ ಹೆಸರು. ಅರಬ್ಬೀ ಕಡಲಿನ ವ್ಯಾಪಾರ ಶತಮಾನಗಳ ಕಾಲ ಹೊತ್ತೊಯ್ದ ಮಾತುಗಳಿವು.

ಊಟದ ವಿಷಯದಲ್ಲಿಯೂ ನಮ್ಮವರಿಗೆ ಅಂಜಿಕೆ ಬೇಡ. ಅಲ್ಲಿಯ ಮುಖ್ಯ ಆಹಾರವಾದ ‘ಉಗಾಲಿ’ ನಮ್ಮ ಮುದ್ದೆಯ ಅಣ್ಣನೋ ತಮ್ಮನೋ ಆಗಬೇಕು. ಇಂದು ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನಿಂದ, ಕೆಲವೆಡೆ ಜೋಳ, ರಾಗಿಗಳಿಂದ ಮಾಡುತ್ತಾರೆ. ಬಲಗೈಯಲ್ಲಿ ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಸೊಪ್ಪಿನ ಪಲ್ಯದೊಡನೆ ತಿನ್ನುವುದು ಕ್ರಮ. ಆ ಸೊಪ್ಪಿಗೆ ಕೆನ್ಯಾದವರು ‘ಸುಕುಮಾ ವಿಕಿ’ ಎನ್ನುತ್ತಾರೆ, ಅಂದರೆ ವಾರವನ್ನು ಮುಂದಕ್ಕೆ ನೂಕುವುದು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಸಂಬಳದವರೆಗೆ ಜೀವ ನೂಕಲು ಆ ಸೊಪ್ಪೇ ಗತಿ ಎಂಬ ಅರ್ಥದ ಈ ಹೆಸರನ್ನು ಬಡತನ ಬಲ್ಲವರಲ್ಲದೆ ಬೇರೆಯವರು ಇಡಲಾರರು. ಬೆಳಿಗ್ಗೆ ಕುಡಿಯುವ ‘ಉಜಿ’ ಎಂಬುದು ನಮ್ಮ ಅಂಬಲಿ. ಎಪ್ಪತ್ತೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಪ್ರಭು ಯೇಸು ಅವರಿಗಿತ್ತ ಸೂಚನೆಗಳಲ್ಲಿ, ಬಡಿಸಿದ್ದನ್ನು ಉಣ್ಣುವ ವಿಷಯವನ್ನೂ ಸಂತ ಲೂಕನು ಮರೆಯದೆ ದಾಖಲಿಸಿದ್ದಾನೆ. ಬಡವರ ಮನೆಯಲ್ಲಿ ಅತಿಥಿ ಎಲೆ ತಳ್ಳಿದರೆ ಮನೆಯೊಡತಿಗೆ ಏನನ್ನಿಸುತ್ತದೆಂಬುದು, ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವ ಅಪರಿಚಿತರಿಗೆ ದಾರಿಯುದ್ದಕ್ಕೂ ಅನ್ನ ನೀರು ಕೊಡುವ ನಮ್ಮ ಹಳ್ಳಿಗಳ ಜನಕ್ಕೆ ಗೊತ್ತಿದೆ.

ಇಷ್ಟೆಲ್ಲ ಹೋಲಿಕೆಗಳಿದ್ದರೂ ಅಲ್ಲಿ ನಮ್ಮನ್ನು ನೋಡುವ ಕಣ್ಣು ಖಾಲಿಯಾಗಿರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಭಾರತೀಯನನ್ನು ಅಲ್ಲಿಯ ಜನ ‘ಮ್ಹಿಂದಿ’ ಎನ್ನುತ್ತಾರೆ. ಆ ಮಾತಿನ ಹಿಂದೆ ಒಂದು ಶತಮಾನದ ಇತಿಹಾಸವಿದೆ. ಬ್ರಿಟಿಷರು 1896ರಲ್ಲಿ ಉಗಾಂಡಾ ರೈಲುಮಾರ್ಗವನ್ನು ಆರಂಭಿಸಿದಾಗ ಸುಮಾರು 32,000 ಭಾರತೀಯ ಕೂಲಿಗಳನ್ನು ಕರೆದೊಯ್ದರು. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಪ್ರಾಣ ಬಿಟ್ಟರು. ಅನಂತರ ಭಾರತದಿಂದ ಹೋದ ವರ್ತಕರು, ಗುಮಾಸ್ತರು ಬಿಳಿಯರಿಗೂ ಕರಿಯರಿಗೂ ನಡುವಿನ ಮೆಟ್ಟಿಲಾಗಿ ಕುಳಿತರು. ಅಂಗಡಿಯ ಗಲ್ಲೆಯ ಹಿಂದೆ ಕುಳಿತವನ ಮೇಲೆ ಹೊರಗೆ ನಿಂತವನಿಗೆ ಇರುವ ಅಸಮಾಧಾನವನ್ನು 1972ರಲ್ಲಿ ಇದಿ ಅಮೀನ್ ಕ್ರೂರವಾಗಿ ಬಳಸಿಕೊಂಡು, ತೊಂಬತ್ತು ದಿನಗಳಲ್ಲಿ ಏಷ್ಯದವರೆಲ್ಲ ಉಗಾಂಡಾ ಬಿಡಬೇಕೆಂದು ಆಜ್ಞಾಪಿಸಿದನು. ಇನ್ನೊಂದು ಮುಖವೂ ಉಂಟು. ನೈರೋಬಿಯಲ್ಲಿ ಹುಟ್ಟಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗೋವಾ ಮೂಲದ ಪಿಯೊ ಗಾಮಾ ಪಿಂಟೊ ಕೆನ್ಯಾದ ಬಡವರ ಪಕ್ಷ ವಹಿಸಿ ಹೋರಾಡಿ, 1965ರ ಫೆಬ್ರವರಿ 24ರಂದು ನೈರೋಬಿಯಲ್ಲಿ ಗುಂಡಿಗೆ ಬಲಿಯಾದರು. ಹೊಸದಾಗಿ ಹೋದ ಸ್ವಯಂಸೇವಕ ಈ ಎರಡು ಬಗೆಯ ಭಾರತೀಯರಲ್ಲಿ ಯಾವ ಬಗೆಯವನೆಂದು ಊರವರು ಮೊದಲ ದಿನಗಳಲ್ಲಿ ಸೌಜನ್ಯದಿಂದಲೇ ಪರೀಕ್ಷಿಸುತ್ತಾರೆ. ಅಡಿಗೆಯ ಸಹಾಯಕಳೊಡನೆ ಹೇಗೆ ಮಾತನಾಡುತ್ತಾನೆ, ಬಣ್ಣದ ಬಗ್ಗೆ ಏನೆನ್ನುತ್ತಾನೆ ಎಂಬುದನ್ನು ಗಮನಿಸುತ್ತಾರೆ. ಬಿಳಿ ಬಣ್ಣದ ಮೋಹ, ಕಪ್ಪು ಬಣ್ಣದ ತಾತ್ಸಾರ ನಮ್ಮ ಮನೆಗಳಲ್ಲಿ ಇಲ್ಲವೆಂದು ಯಾರೂ ಎದೆ ಮುಟ್ಟಿ ಹೇಳಲಾರರು. ಅದನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋದರೆ ಸೇವೆಯ ಮಾತೇ ಬೇಡ.

ಹೋದ ಹೊಸದರಲ್ಲಿ ಆಗಬಹುದಾದ ದೊಡ್ಡ ಅಪಾಯವೆಂದರೆ ಅವಸರದ ತೀರ್ಮಾನ. ಇದಕ್ಕೆ ಉದಾಹರಣೆಯನ್ನು ಆಫ್ರಿಕಾದಲ್ಲಿ ಹುಡುಕಬೇಕಾಗಿಲ್ಲ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮದಲ್ಲಿ ಅತ್ಯಂತ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಆ ಜಿಲ್ಲೆಯಲ್ಲಿಯೇ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಿದ್ದವು. ಪರಿಹಾರದ ವೆಚ್ಚ ಹೆಚ್ಚಾಯಿತೆಂದು ವೈಸರಾಯ್ ಲಿಟ್ಟನ್ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳುಹಿಸಿದರು. ಆತ ಬಂದ ಹೊಸದರಲ್ಲಿಯೇ ಲೆಕ್ಕ ಹಾಕಿ, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದು ಆಣೆ ಸಾಕೆಂದು ಗೊತ್ತುಪಡಿಸಿದರು. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಅದನ್ನು ಬಲವಾಗಿ ವಿರೋಧಿಸಿದರು. ಕಲ್ಲು ಒಡೆಯುವವನು ಅಷ್ಟರಲ್ಲಿ ಬದುಕಲಾರನೆಂಬುದು ಅವರ ವಾದ. ಜನ ಕೃಶರಾಗಿ ಸಾಯುತ್ತಿರಲು, ಕೆಲವು ತಿಂಗಳ ಬಳಿಕ ಆ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರೊಳಗೆ ಎಷ್ಟೋ ಮನೆಗಳ ದೀಪ ಆರಿತ್ತು. ಟೆಂಪಲ್ ಮೂರ್ಖರಾಗಿರಲಿಲ್ಲ, ಅನುಭವಿ ಆಡಳಿತಗಾರರೇ ಆಗಿದ್ದರು. ಆದರೆ ಅವರು ಬರುವ ಮೊದಲೇ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ನಮ್ಮ ಸ್ವಯಂಸೇವಕನ ಕೈಯಲ್ಲಿ ಅಂಥ ಅಧಿಕಾರ ಇರುವುದಿಲ್ಲ, ನಿಜ. ‘ಈ ಶಾಲೆಗೆ ಕಂಪ್ಯೂಟರ್ ಬೇಕು’, ‘ಈ ಊರಿಗೆ ಬಾವಿ ಬೇಕು’ ಎಂದು ಮೂರನೆಯ ದಿನವೇ ಊರಿಗೆ ಬರೆದು ಹಣ ಕೂಡಿಸುವ ಅಧಿಕಾರವಂತೂ ಇರುತ್ತದೆ. ಆ ಬಾವಿಯ ಪಂಪು ಕೆಟ್ಟಾಗ ರಿಪೇರಿ ಮಾಡುವವರು ಯಾರು ಎಂದು ಕೇಳಲು ಹದಿನೈದು ದಿನ ಕಾದರೆ ನಷ್ಟವೇನೂ ಇಲ್ಲ.

ಸಂತ ದಾನಿಯೇಲ್ ಕೊಂಬೋನಿಯವರ ಆರಂಭದ ದಿನಗಳನ್ನು ಇಲ್ಲಿ ನೆನೆಯುವುದು ಉಚಿತ. ಇಟಲಿಯ ವೆರೋನಾದಿಂದ ಹೊರಟ ಅವರ ತಂಡ 1858ರ ಜನವರಿ 8ರಂದು ಖಾರ್ಟೂಮ್ ತಲುಪಿತು. ಅಲ್ಲಿಂದ ನೈಲ್ ನದಿಯ ಮೇಲೆ ಪಯಣಿಸಿ ಫೆಬ್ರವರಿಯಲ್ಲಿ ಡಿಂಕಾ ಜನರ ನಾಡನ್ನು ಸೇರಿದರು. ಮಾರ್ಚ್ ಮುಗಿಯುವ ಮೊದಲೇ ಫಾದರ್ ಒಲಿಬೋನಿ ಜ್ವರದಿಂದ ತೀರಿಕೊಂಡರು. ಉಳಿದವರು ಡಿಂಕಾ ಭಾಷೆಯ ಒಂದೊಂದೇ ಪದವನ್ನು ಕೇಳಿ ಬರೆದುಕೊಳ್ಳುತ್ತ ಕುಳಿತರು. ಕೊಂಬೋನಿಯವರೂ ಕಾಯಿಲೆ ಬಿದ್ದು ಮರುವರ್ಷ ಇಟಲಿಗೆ ಹಿಂದಿರುಗಬೇಕಾಯಿತು. ಹೊರಗಿನಿಂದ ನೋಡಿದವರಿಗೆ ಅದು ಸಂಪೂರ್ಣ ಸೋಲು. ಆದರೆ ಆಫ್ರಿಕಾವನ್ನು ಆಫ್ರಿಕಾದವರೇ ಉದ್ಧರಿಸಬೇಕು, ಹೊರಗಿನವರು ಅವರಿಗೆ ನೆರವಾಗಬೇಕು ಎಂಬ ಅವರ 1864ರ ಯೋಜನೆ ಮೊಳೆತದ್ದು ಆ ಸಮಾಧಿಗಳ ನಡುವೆ. 2003ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಹಾಗಾದರೆ ಮೊದಲ ಎರಡು ವಾರ ಕೈಕಟ್ಟಿ ಕೂರಬೇಕೇ? ಹಾಗೇನಿಲ್ಲ. ನೀರು ಹೊರಬಹುದು, ತರಕಾರಿ ಹೆಚ್ಚಬಹುದು, ಔಷಧಾಲಯದ ಕಪಾಟು ಒರೆಸಬಹುದು, ಶಾಲೆಯ ಕೊನೆಯ ಬೆಂಚಿನಲ್ಲಿ ಕುಳಿತು ಅಲ್ಲಿಯ ಗುರುಗಳು ಪಾಠ ಹೇಳುವ ಕ್ರಮವನ್ನು ನೋಡಬಹುದು. ನಾಳೆ ಅವರ ಬದಲಿಗೆ ನಿಂತು ಪಾಠ ಹೇಳುವ ಆಸೆಯನ್ನು ಮಾತ್ರ ಹತ್ತಿಕ್ಕಿಕೊಳ್ಳಬೇಕು. ಸಂಬಳ ಪಡೆದು ಅದೇ ಕೆಲಸ ಮಾಡಬಲ್ಲ ಸ್ಥಳೀಯ ಯುವಕನ ಜಾಗದಲ್ಲಿ ಉಚಿತವಾಗಿ ನಾವು ಕುಳಿತರೆ ಅದು ಸೇವೆಯೋ ಅನ್ಯಾಯವೋ ಯೋಚಿಸಬೇಕು. ಅನಾಥಾಲಯಗಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಅಗತ್ಯ. ಮೊದಲ ದಿನವೇ ಮಕ್ಕಳು ಕೊರಳಿಗೆ ಜೋತುಬೀಳುತ್ತಾರೆ, ಹೃದಯ ತುಂಬಿ ಬರುತ್ತದೆ. ಆರು ವಾರಗಳ ಬಳಿಕ ನಾವು ಹೊರಟುಬಿಡುತ್ತೇವೆ; ತಾಯಿಯನ್ನು ಕಳೆದುಕೊಂಡ ಮಗು ಮತ್ತೊಮ್ಮೆ ಯಾರನ್ನೋ ಕಳೆದುಕೊಳ್ಳುತ್ತದೆ. ಅಲ್ಲಿ ಶಾಶ್ವತವಾಗಿ ಇರುವ ದಾದಿಯರ ಕೆಲಸವನ್ನು ಹಗುರಮಾಡಿ, ಮಕ್ಕಳ ಪ್ರೀತಿಯನ್ನು ಅವರಿಗೇ ಬಿಡುವುದು ಮೇಲು. ಛಾಯಾಚಿತ್ರದ ಮಾತು ಬೇರೆ ಹೇಳಬೇಕೆ? ಬರಗಾಲದ ವರ್ಷಗಳಲ್ಲಿ ಕ್ಯಾಮರಾ ಹಿಡಿದು ನಮ್ಮ ಹಳ್ಳಿಗಳಿಗೆ ಬರುವವರು ಹರಿದ ಅಂಗಿಯ ಮಗುವನ್ನೇ ಹುಡುಕಿ ಮುಂದೆ ನಿಲ್ಲಿಸುವುದನ್ನು ಕಂಡು ಕಸಿವಿಸಿಗೊಂಡವರು ನಾವು. ಆ ಕಸಿವಿಸಿಯನ್ನು ಇನ್ನೊಬ್ಬರಿಗೆ ಉಣಿಸುವುದು ಬೇಡ.

ಧರ್ಮದ ವಿಷಯದಲ್ಲಿ, ನಾವು ಅಲ್ಲಿಗೆ ಏನನ್ನೋ ಕೊಂಡೊಯ್ಯುತ್ತೇವೆಂಬ ಭ್ರಮೆ ಬೇಡ. ಇಂದು ಆಫ್ರಿಕಾದಲ್ಲಿ 25 ಕೋಟಿಗೂ ಹೆಚ್ಚು ಕಥೋಲಿಕರಿದ್ದಾರೆ. ಭಾನುವಾರದ ಬಲಿಪೂಜೆ ಹಾಡು, ಕುಣಿತಗಳೊಡನೆ ಎರಡು-ಮೂರು ಗಂಟೆ ನಡೆಯುವುದುಂಟು. ನಮ್ಮಲ್ಲಿ ಪ್ರಬೋಧನೆ ಹತ್ತು ನಿಮಿಷ ದಾಟಿದರೆ ಕೈಗಡಿಯಾರ ನೋಡುವವರು ಇದನ್ನು ಗಮನಿಸಬೇಕು. ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರುಗಳು 1970ರ ದಶಕದಿಂದ ಬೆಳೆಸಿಕೊಂಡು ಬಂದ ಕಿರು ಕ್ರೈಸ್ತ ಸಮುದಾಯಗಳನ್ನು ಅಲ್ಲಿ ‘ಜುಮುಇಯಾ’ ಎನ್ನುತ್ತಾರೆ. ಹತ್ತಾರು ಕುಟುಂಬಗಳು ವಾರಕ್ಕೊಮ್ಮೆ ಒಬ್ಬರ ಮನೆಯಂಗಳದಲ್ಲಿ ಸೇರಿ ಶುಭಸಂದೇಶ ಓದಿ, ಕಾಯಿಲೆಯವರಿಗೆ ಯಾರು ಅಡಿಗೆ ಕಳಿಸಬೇಕು, ಯಾವ ಮಗುವಿನ ಶಾಲಾ ಶುಲ್ಕ ಬಾಕಿಯಿದೆ ಎಂಬುದನ್ನು ಅಲ್ಲಿಯೇ ಇತ್ಯರ್ಥ ಮಾಡುತ್ತವೆ. ಹೊಸಬರು ಊರನ್ನು ಅರಿಯಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಮೊದಲ ಎರಡು ಸಭೆಗಳಲ್ಲಿ ಭಾಷೆ ಅರ್ಥವಾಗದೆ ಕುಳಿತಿದ್ದರೂ, ನೆಲದ ಮೇಲೆ ಜೊತೆಗೆ ಕುಳಿತರೆಂಬುದನ್ನು ಜನ ನೆನಪಿಡುತ್ತಾರೆ.

ಹೊರಡುವ ಮನಸ್ಸಿರುವವರು ಆರು ತಿಂಗಳು ಮುಂಚೆಯೇ ಅಲ್ಲಿಯ ಧರ್ಮಕೇಂದ್ರಕ್ಕೆ ಪತ್ರ ಬರೆಯಬೇಕು. ನಮ್ಮ ಅಗತ್ಯ ನಿಜವಾಗಿಯೂ ಇದೆಯೇ, ಈ ಕೆಲಸವನ್ನು ಈ ಮೊದಲು ಮಾಡುತ್ತಿದ್ದವರು ಯಾರು, ನಾವು ಮರಳಿದ ಮೇಲೆ ಮಾಡುವವರು ಯಾರು ಎಂದು ಕೇಳಬೇಕು. ‘ಅಗತ್ಯವಿಲ್ಲ’ ಎಂಬ ಉತ್ತರ ಬಂದರೆ ವಿಮಾನದ ಖರ್ಚನ್ನು ಅಲ್ಲಿಯ ಒಬ್ಬ ಶಿಕ್ಷಕಿಯ ಸಂಬಳಕ್ಕೆ ಕಳುಹಿಸುವುದೂ ಒಂದು ಮಾರ್ಗ. ಅಷ್ಟರೊಳಗೆ, ಆಫ್ರಿಕಾ ಮೂಲದ ಕುಟುಂಬಗಳ ಪರಿಚಯ ಬೇಕೆಂದರೆ ಅದು ನಮ್ಮ ರಾಜ್ಯದಲ್ಲಿಯೇ ಸಾಧ್ಯ. ಉತ್ತರ ಕನ್ನಡದ ಸಿದ್ದಿಗಳ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಬಹುಪಾಲು ಗುಲಾಮರಾಗಿ ತರಲ್ಪಟ್ಟವರು. ಹಳಿಯಾಳ ತಾಲ್ಲೂಕಿನಲ್ಲಿ ಅವರಲ್ಲಿ ಅನೇಕರು ಕಥೋಲಿಕರೇ. ಕನ್ನಡ, ಕೊಂಕಣಿಗಳನ್ನಾಡುವ ಅವರನ್ನು ಪರದೇಶದವರೆಂದು ಬೆರಗಿನಿಂದ ನೋಡಲು ಹೋಗುವುದು ಬೇಡ; ಒಂದು ಭಾನುವಾರ ಅವರೊಡನೆ ಬಲಿಪೂಜೆಯಲ್ಲಿ ಪಾಲ್ಗೊಂಡು, ಕರೆದರೆ ಊಟಕ್ಕೆ ಕುಳಿತು ಬರಬಹುದು. ಹಡಗಲಿಯಿಂದ ಹುಬ್ಬಳ್ಳಿ, ಅಲ್ಲಿಂದ ಧಾರವಾಡದ ಮೇಲೆ ಹಳಿಯಾಳಕ್ಕೆ ಬಸ್ಸಿನಲ್ಲಿ ಒಂದೇ ದಿನದಲ್ಲಿ ತಲುಪಬಹುದು. ಅದಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ.